ಓದುವ ಪೀರಿಯಡ್ಡಿನಲ್ಲಿ ಕಸ ಗುಡಿಸಿದವರು

ಜೂನ್ ತಿಂಗಳ ಎರಡನೆಯ ಗುರುವಾರ, ಸಂಜೆ ನಾಲ್ಕು ಗಂಟೆ. ದೊಡ್ಡಗಾಜನೂರಿನ ನನ್ನ ಮನೆಯ ಜಗಲಿಯಲ್ಲಿ ಮೂವರಿದ್ದೆವು: ನಾನು, ಎಲೆಕೋಸಿನ ಹೊಲದಲ್ಲಿ ಕಳೆ ಕಿತ್ತು ನೇರವಾಗಿ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿನಿ, ಮತ್ತು ಅವಳ ನಾದಿನಿ. ಅವಳೂ ನನ್ನ ಶಾಲೆಯವಳೇ. ನಿವೃತ್ತಿಯಾದ ಮೇಲೂ ನನಗೆ ಗಂಟೆಗೊಂದು ಕೆಲಸ ಗೊತ್ತಾಗಿರಬೇಕು. ನಾಲ್ಕರಿಂದ ಐದು ಈ ಇಬ್ಬರ ಓದು. ಮೊದಲ ಕಾಲು ಗಂಟೆ ನಾನು ಓದಿ ಹೇಳುವುದು, ಆಮೇಲೆ ಅವರು ಓದುವುದು.

ಹಳೆಯ ವಿದ್ಯಾರ್ಥಿನಿ ಈಗ ಮಕ್ಕಳ ಶಾಲೆಯ ಪೋಷಕರ ಸಮಿತಿಗೆ ಅಧ್ಯಕ್ಷೆ. ಕಳೆದ ಸಭೆಯಲ್ಲಿ ತೋರಿಸಿದ ಕಡೆ ಸಹಿ ಹಾಕಿದ್ದಳು. ಅದು ಶಾಲೆಯ ಹಿಂದಿನ ಗೇಟು ಮುಚ್ಚುವ ತೀರ್ಮಾನ ಎಂದು ತಿಳಿದದ್ದು ಬೀಗ ಬಿದ್ದ ಮೇಲೆ. ಅವಳ ಕೇರಿಯ ಮಕ್ಕಳು ಬರುತ್ತಿದ್ದದ್ದು ಅದೇ ಗೇಟಿನಿಂದ. ಈಗ ಲಾರಿ ಓಡಾಡುವ ರಸ್ತೆಯಲ್ಲಿ ಸುತ್ತಿಕೊಂಡು ಬರುತ್ತಾರೆ. ನಾಳೆ ಮತ್ತೆ ಸಭೆ. ಶಾಲೆಯವರು ಸಹಿಗೆಂದು ಬರೆದಿಟ್ಟ ಹೊಸ ಹಾಳೆಯನ್ನು ಮೊದಲೇ ಕೇಳಿ ತಂದಿದ್ದಳು. ತಾನೇ ಪೂರ್ತಿ ಓದದೆ ಸಹಿ ಹಾಕುವುದಿಲ್ಲ ಎಂಬುದು ಅವಳ ಹಟ.

ಅಂದು ನಾನು ಓದಿ ಹೇಳಿದ್ದು ಅಮೆರಿಕದ ಗುಲಾಮರ ಸಂಗತಿ. ಆಫ್ರಿಕದಿಂದ ಹಡಗಿನಲ್ಲಿ ತುಂಬಿ ತಂದು ಮಾರಿದ್ದು, ಹೊಗೆಸೊಪ್ಪಿನ ಹೊಲಗಳಲ್ಲಿ ದುಡಿಸಿದ್ದು, ಕೆಲವು ಕಡೆ ಅವರಿಗೆ ಬರೆಯಲು ಕಲಿಸಿದವರಿಗೇ ದಂಡ ಹಾಕಿದ್ದು. ಅಲ್ಲಿನ ಬಿಳಿಯರು ತಮ್ಮ ರಾಜನಿಂದ ಬಿಡುಗಡೆ ಬೇಕೆಂದು ಎದ್ದಾಗ, ಉತ್ತರದ ಸೀಮೆಯ ಕೆಲವು ಗುಲಾಮರು ಶಾಸನಸಭೆಗೆ ಅರ್ಜಿ ಬರೆದರು. ನೀವು ಕೇಳುತ್ತಿರುವುದನ್ನೇ ನಾವೂ ಕೇಳುತ್ತಿದ್ದೇವೆ ಎಂದರು.

"ಅರ್ಜಿ ಕೊಟ್ಮೇಲೆ ಏನಾಯ್ತು ಮೇಷ್ಟ್ರೇ?" ಎಂದಳು ಅಧ್ಯಕ್ಷೆ.

"ಪಕ್ಕಕ್ಕಿಟ್ಟರು. ಇವರು ಇನ್ನೊಂದು ಬರೆದರು."

"ಆಪೀಸು ಅಂದ್ರೆ ಅಲ್ಲೂ ಇಂಗೇಯಾ ಅನ್ನಿ," ಎಂದಳು ನಾದಿನಿ.

"ಬರಿಯಾದ್ನ ಅವ್ರ್ಗೆ ಯಾರು ಏಳ್ಕೊಟ್ರು?" ಎಂದು ಅಧ್ಯಕ್ಷೆ ಕೇಳಿದಳು.

"ಎಷ್ಟೋ ಜನ ಕದ್ದು ಕಲಿತರು ಕಣವ್ವ."

ಅವಳು ನನ್ನತ್ತ ತಿರುಗಿದಳು. "ನಮ್ಗೆ ಕದಿಯಾಕೂ ಒತ್ತಿರ್ನಿಲ್ಲ. ಓದೋ ಪೀರಿಯಡ್ಗೆ ಸರ್ಯಾಗಿ ಕೈಗೆ ಪೊರಕೆ ಕೊಡ್ತಿದ್ರಿ."

"ಅದು ಸರದಿ. ಎಲ್ಲರಿಗೂ ಇತ್ತು."

"ಎಲ್ಲಾರ್ಗೂ ಅಂದ್ರೆ ನಾವ್ ನಾಲ್ಕು ಜನಕ್ಕೆ," ಎಂದು ನಾದಿನಿ ನಕ್ಕಳು. "ಪಟೇಲ್ರ ಮಗ ಕಸ ಗುಡ್ಸಿದ್ನ ನೀ ಕಂಡಿದ್ಯಾ ಅತ್ಗೆ?"

ಮೂರನೆಯ ಪೀರಿಯಡ್ ಕನ್ನಡ ಓದು. ಮಧ್ಯಾಹ್ನದ ಊಟಕ್ಕೆ ಮೊದಲು ಅಂಗಳ ಗುಡಿಸಿ ನೀರು ತುಂಬಿಸಿರಬೇಕಿತ್ತು. ಹೊಲವಿದ್ದವರ ಮಕ್ಕಳ ಕೈಗೆ ಪೊರಕೆ ಕೊಟ್ಟರೆ ತಾಯಂದಿರು ಜಗಳಕ್ಕೆ ಬರುತ್ತಿದ್ದರು. ಕೇರಿಯಿಂದ ಯಾರೂ ಬರುತ್ತಿರಲಿಲ್ಲ. ಸರದಿಯ ಪಟ್ಟಿಯನ್ನು ದುಂಡಾಗಿ ಬರೆದು ಗೋಡೆಗೆ ಅಂಟಿಸಿದವನು ನಾನೇ. ಪ್ರತಿ ವರ್ಷ ಹೆಸರುಗಳು ಬದಲಾದವು, ಕೇರಿ ಬದಲಾಗಲಿಲ್ಲ. ತಪಾಸಣೆಗೆ ಬಂದವರೆಲ್ಲ ಶಾಲೆ ಅಚ್ಚುಕಟ್ಟು ಎಂದು ಹೊಗಳಿ ಹೋದರು. 

"ತಪ್ಪಾಯಿತು," ಎಂದೆ.

ಅಧ್ಯಕ್ಷೆ ತಾನು ತಂದಿದ್ದ ಹಾಳೆ ಬಿಡಿಸಿದಳು.

ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದಿದಳು. ಉಗುರಿನಲ್ಲಿ ಇನ್ನೂ ಹೊಲದ ಮಣ್ಣಿತ್ತು. ಒತ್ತಕ್ಷರ ಬಂದಲ್ಲೆಲ್ಲ ನಿಂತು, ಹಿಂದಕ್ಕೆ ಹೋಗಿ ಮತ್ತೆ ಬಂದಳು. ಐದು ಗಂಟೆಯಾಯಿತು, ನಾನು ಏಳಲಿಲ್ಲ. ಎರಡನೆಯ ಪ್ಯಾರಾದ ಹೊತ್ತಿಗೆ ಅವಳ ರೆಪ್ಪೆ ಇಳಿಯುತ್ತಿತ್ತು.

"ಉಳಿದದ್ದು ನಾನು ಓದಿಬಿಡಲೇ?"

"ಬ್ಯಾಡಿ. ಕಳ್ದ್ ಸಲ ಓದ್ದೋರ್ನ ನಂಬೇ ಕೆಟ್ಟಿದ್ದು."

ಆರು ಗಂಟೆಗೆ ಕೊನೆಯ ಪ್ಯಾರಾದಲ್ಲಿ ಅದು ಸಿಕ್ಕಿತು. ಹಿಂದಿನ ಗೇಟು ಕಿತ್ತು, ಆ ಜಾಗಕ್ಕೆ ಗೋಡೆ ಕಟ್ಟುವುದು. ಆ ಸಾಲನ್ನು ಎರಡು ಸಲ ಓದಿದಳು.

"ಅರ್ದಾಕು ಅತ್ಲಾಗೆ," ಎಂದಳು ನಾದಿನಿ.

"ಅರ್ದ್ರೆ ಇನ್ನೊಂದ್ ಬರ್ಕೊಂಡ್ ಬತ್ತಾರೆ ಕಣ."

ಪೆನ್ನು ಕೇಳಿದಳು. ಸಹಿಯ ಜಾಗವನ್ನು ಖಾಲಿ ಬಿಟ್ಟು, ಅದರ ಕೆಳಗೆ ಬರೆದಳು: ಗೋಡೆ ಬೇಡ. ಗೇಟಿನ ಬೀಗ ತೆಗೆಯಿರಿ. ಕೆಳಗೆ ತನ್ನ ಹೆಸರು ಹಾಕಿ ಪೆನ್ನನ್ನು ನಾದಿನಿಯ ಕೈಗೆ ಕೊಟ್ಟಳು.

"ನಿನ್ ಮಕ್ಳೂ ಅಲ್ಲೇ ಬತ್ತಿದ್ದಿದ್ದು. ನೀನೂ ಆಕು ಎಸ್ರ."

ನಾದಿನಿ ಹೆಸರು ಬರೆದು ಮುಗಿಸಲು ಹತ್ತು ನಿಮಿಷ ಹಿಡಿಯಿತು. ಅವರು ಹೋದ ಮೇಲೆ ನಾನೇ ಚಾಪೆ ಸುತ್ತಿ ಒಳಗಿಟ್ಟೆ.