ಹೊಲಕ್ಕೊಂದು ಹೆಸರು

ಡರ್ವ್ಲಾ ಹೆನೆಗನ್ ಬಂದರೆಂದರೆ ಮಾರ್ಟಿನ್ ರುವೇನ್‌ನ ಕುರಿಗಳಿಗೂ ಗೊತ್ತಾಗಿಬಿಡುತ್ತದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಹಳೆಯ ಐರಿಷ್ ಕಾವ್ಯ ಕಲಿಸಿದ ಈ ಲೇಖಕಿ ಈಗ ಐರ್ಲೆಂಡಿನ ಮೇಯೋ ಸೀಮೆಯ ಒಂದೊಂದು ಹೊಲದ ಹೆಸರನ್ನೂ ಬರೆದಿಡಲು ಹೊರಟಿದ್ದಾರೆ. ಗೇಟು ಪಕ್ಕದಲ್ಲೇ ಇದ್ದರೂ ಕಲ್ಲುಗೋಡೆ ಹತ್ತಿ ಧುಮುಕಿಯೇ ಒಳಗೆ ಬರುತ್ತಾರೆ. ಕ್ಷೇಮ ಸಮಾಚಾರ ಏನೂ ಇಲ್ಲ, "ಇದರ ಹೆಸರೇನೋ ಮಾರಾಯ, ಬೇಗ ಹೇಳು!" ಮಾರ್ಟಿನ್ "ಕುಂಟುಗತ್ತೆ ಹೊಲ" ಅಂದರೆ ಮುಗಿಯಿತು, ಸುರಿವ ಮಳೆಯಲ್ಲೇ ಕುಣಿದಾಡಿ, "ಯಾರ ಕತ್ತೆ? ಯಾವ ಕಾಲು ಕುಂಟು?" ಎಂದು ಪ್ರಾಣ ತಿನ್ನುತ್ತಾರೆ. ಬಾಯಿತುಂಬ ಬೆಣ್ಣೆ ಸವರಿದ ಸೋಡಾ ಬ್ರೆಡ್ಡಿದ್ದರೂ ಪ್ರಶ್ನೆ ನಿಲ್ಲುವುದಿಲ್ಲ, ಪೆನ್ನೂ ನಿಲ್ಲುವುದಿಲ್ಲ. "ಆ ಹೆಸರು ಸುಳ್ಳು ಮೇಷ್ಟ್ರಮ್ಮ, ನಿನ್ನೆ ನಾನೇ ತಮಾಷೆಗೆ ಕಟ್ಟಿದ್ದು" ಎಂದು ಮಾರ್ಟಿನ್ ಒಪ್ಪಿಕೊಂಡರೂ, "ಇರ್ಲಿ ಬಿಡೋ, ನಿನ್ನ ಮೊಮ್ಮಕ್ಕಳ ಕಾಲಕ್ಕೆ ನಿಜ ಆಗತ್ತೆ!" ಎಂದು ಅದನ್ನು ಹೊಡೆದುಹಾಕದೆ ಹಾಗೇ ಉಳಿಸಿಕೊಳ್ಳುತ್ತಾರೆ. ಇಂಥವರು ಕಡಲ ಕಡೆಗಿನ ಒಂದು ಸಣ್ಣ ಹೊಲದಲ್ಲಿ ಮಾತ್ರ ಮೆಲ್ಲಗೆ ಹೆಜ್ಜೆ ಇಡುತ್ತಾರೆ. ಜ್ಞಾನಸ್ನಾನ ಮಾಡಿಸಿ ಹೆಸರಿಡುವ ಮೊದಲೇ ತೀರಿಹೋದ ಕೂಸುಗಳಿಗೆ ಚರ್ಚಿನ ನೆಲದಲ್ಲಿ ಜಾಗವಿಲ್ಲದ ಕಾಲದಲ್ಲಿ, ಅವನ್ನು ಇಲ್ಲೇ ಹೂಳುತ್ತಿದ್ದರು. "ಇದನ್ನ ಬರ್ಕೊಳ್ಳಲ್ವಾ?" ಎಂದು ಮಾರ್ಟಿನ್ ಒಮ್ಮೆ ಮೆತ್ತಗೆ ಕೇಳಿದ. ಡರ್ವ್ಲಾ ನೋಟ್‌ಬುಕ್ಕು ಮುಚ್ಚಿ, ಕೂತು, ವಾಲಿದ್ದ ಅಂಗೈಯಗಲದ ಬಿಳಿಗಲ್ಲೊಂದನ್ನು ನೆಟ್ಟಗೆ ನಿಲ್ಲಿಸಿದರು. "ಹೊಲಕ್ಕೆ ಹೆಸರಿದೆ ಕಣೋ. ಒಳಗಿರೋ ನಮ್ಮಣ್ಣನಿಗೇ ಇಡ್ಲಿಲ್ಲ."