ದೇವನಹಳ್ಳಿಗೆ ಒಯ್ದ ಹಂಸದ ಶಾಲು

ಮೊಮ್ಮಕ್ಕಳೇ, ಮೇಘನಾ, ಚಂದು! ನಾನು ದೇವನಹಳ್ಳಿಗೆ ಹೋಗಿಬಂದದ್ದನ್ನು ನೀವು ಕೇಳಿದಾಗಲೆಲ್ಲ "ಚೆನ್ನಾಗಿತ್ತು" ಎಂದಷ್ಟೇ ಹೇಳಿದೆ. ಅದು ಸುಳ್ಳು. ಬಾಯಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ಆ ಶನಿವಾರ ಹನ್ನೆರಡು ಗಂಟೆಗೆ ನಿಮ್ಮಮ್ಮ ಸುಧಾ, ನಾನು ದೊಡ್ಡಬಳ್ಳಾಪುರದಲ್ಲಿ ಬಸ್ಸು ಹತ್ತಿದೆವು. ಮೋಡ ಕವಿದಿತ್ತು, ತಣ್ಣನೆ ಗಾಳಿ. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ. ಆಧಾರ್ ಕಾರ್ಡ್ ತೋರಿಸಿ ಕೂತೆವು. ಡಬ್ಬಿಯಲ್ಲಿ ಚಿತ್ರಾನ್ನ, ಮಡಿಲಲ್ಲಿ ನಾನು ನೇಯ್ದ ರೇಷ್ಮೆ ಶಾಲು. ದೇವನಹಳ್ಳಿ ಹತ್ತಿರದ ಒಂದು ಶಾಲೆಯ ಸಭಾಂಗಣದಲ್ಲಿ ಚೀನಾದ ಶೆನ್ ಎಂಬ ಹೆಂಗಸು ಎಪ್ಪತ್ತು ಜನರ ವಾದ್ಯಮೇಳ ನಡೆಸುವವರಿದ್ದರು. ಅವರು ತಾವು ಏನನ್ನೂ ನುಡಿಸುವುದಿಲ್ಲ. ಕೈಯಲ್ಲೊಂದು ಕಡ್ಡಿ ಹಿಡಿದು ಎಲ್ಲರನ್ನೂ ನುಡಿಸುತ್ತಾರೆ. ಕೊನೆಯಲ್ಲಿ ನೇಯ್ದವರೇ ಬಂದು ಅವರಿಗೆ ಶಾಲು ಹೊದಿಸಬೇಕೆಂದು ಕಾರ್ಯಕ್ರಮದ ಸಮಿತಿಯವರು ಕೇಳಿದ್ದರು.

ಶೆನ್ ಜನರಿಗೆ ಬೆನ್ನು ಮಾಡಿ ನಿಲ್ಲುವುದನ್ನು ಸುಧಾ ಫೋನಿನಲ್ಲಿ ತೋರಿಸಿದ್ದಳು. ಅದಕ್ಕೇ ನಾನು ಅಂಚನ್ನು ಸಾದಾ ಬಿಟ್ಟು, ಬೆನ್ನಿನ ನಡುವೆ ಬರುವಂತೆ ಒಂದು ಹಂಸ ನೇಯ್ದಿದ್ದೆ. ಮಡಿಕೆ ಪೂರ್ತಿ ಬಿಚ್ಚಿ ಹೊದಿಸಿದರೆ ಮಾತ್ರ ಅದು ಕಾಣುತ್ತದೆ.

ಪಕ್ಕದಲ್ಲಿ ಕೊತ್ತಂಬರಿ ಮೂಟೆಯ ಹೆಂಗಸು ಕೂತಿದ್ದಳು. "ಎಲ್ಗಮ್ಮ, ಮದ್ವೆಗಾ?" ಎಂದಳು. ಸುಧಾ ಎಲ್ಲ ವಿವರಿಸಿದಳು.

"ಬೆನ್ ತೋರ್ಸ್ಕೊಂಡ್ ನಿಂತ್ರೆ ದೇಶ ದೇಶ ಕರೀತಾರಾ? ನಮ್ಮನೆಯೋನೂ ದಿನಾ ಹಂಗೇ ನಿಂತಿರ್ತಾನೆ, ಪಕ್ಕದ ದಾಬಸ್‌ಪೇಟೆಯೋರೂ ಕರೀಲಿಲ್ಲ ಕಣವ್ವ!"

ನಕ್ಕು ನಕ್ಕು ಸಾಕಾಯಿತು. ಸಮಿತಿಯವರು ಕಳಿಸಿದ್ದ ಇಂಗ್ಲಿಷಿನ ಪುಟ್ಟ ಪುಸ್ತಕವನ್ನು ಸುಧಾ ನನಗೆ ಓದಿ ಹೇಳಿದಳು. ಶೆನ್ ರೇಷ್ಮೆ ಗಿರಣಿಯ ಕೂಲಿಯವರ ಮಗಳು. ಜರ್ಮನಿಗೆ ಓದಲು ಹೋದಾಗ, ಇಷ್ಟು ಗಿಡ್ಡ ಹುಡುಗಿಯ ಮಾತನ್ನು ಯಾರು ಕೇಳುತ್ತಾರೆಂದು ನಕ್ಕರಂತೆ. ಒಂದು ಸಂಜೆ ಮೇಳ ನಡೆಸುವ ಹಿರಿಯರಿಗೆ ಜ್ವರ ಬಂತು. ಅವರ ಜಾಗದಲ್ಲಿ ನಿಂತ ಶೆನ್ ಮತ್ತೆ ಇಳಿಯಲಿಲ್ಲ. ವಿಯೆನ್ನಾ, ಟೋಕಿಯೊ, ನ್ಯೂಯಾರ್ಕ್. ಕೊನೆಯ ಪುಟ ಉಳಿದಿತ್ತು, ಅಷ್ಟರಲ್ಲಿ ನಾವು ಇಳಿಯುವ ಜಾಗ ಬಂತು.

"ಇವತ್ತಾದ್ರೂ ಸೆರಗು ಹೊದ್ಕೊಂಡು ಮೂಲೇಲಿ ನಿಂತ್ಕೋಬೇಡ ಕಣಮ್ಮ" ಎಂದಳು ಸುಧಾ.

ಮೂರು ಗಂಟೆಗೆ ಶುರುವಾಯಿತು. ಶೆನ್ ಎಡಗೈ ಇಳಿಸಿದರೆ ಅಷ್ಟೂ ಪಿಟೀಲುಗಳು ಪಿಸುಗುಟ್ಟುತ್ತಿದ್ದವು. ನಲವತ್ತು ವರ್ಷ ಮಗ್ಗಗಳ ಸದ್ದಿನಲ್ಲೇ ಬದುಕಿದ ನನಗೆ, ಸದ್ದನ್ನು ಹೀಗೆ ಬರಿಗೈಯಿಂದ ಅದುಮಬಹುದೆಂದು ಗೊತ್ತಿರಲಿಲ್ಲ.

ಮುಗಿದ ಮೇಲೆ ಮೈಕಿನಲ್ಲಿ "ಶಾಲು ನೇಯ್ದ ಗೌರಮ್ಮನವರು" ಎಂದು ಕೂಗಿದರು. ನಾನು ಶಾಲಿನ ತಟ್ಟೆ ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದೆ. ವೇದಿಕೆಯ ಮೇಲೆ ದೀಪ, ಕುಂಕುಮದ ಬಟ್ಟಲು. ಪಕ್ಕದಲ್ಲಿ ಸಮಿತಿಯವರೊಬ್ಬರ ಹೆಂಡತಿ, ಮುಡಿತುಂಬ ಮಲ್ಲಿಗೆ. ನಿಮ್ಮ ತಾತ ಹೋದ ಹನ್ನೊಂದು ವರ್ಷದಿಂದ ಕುಂಕುಮದ ಬಟ್ಟಲು ಕಂಡರೆ ನನ್ನ ಕಾಲು ತಾನಾಗಿ ಹಿಂದೆ ಸರಿಯುತ್ತದೆ. ತಟ್ಟೆಯನ್ನು ಆಕೆಯ ಕೈಗಿಟ್ಟೆ.

"ಅಯ್ಯೋ, ನೀವೇ ಹೋಗಿ" ಎಂದಳು.

"ಶುಭಕಾರ್ಯ, ನನ್ ಕೈಲಿ ಬೇಡ. ನೀವೇ ಹೊದ್ಸಿ ತಾಯಿ."

ಆಕೆ ತಟ್ಟೆ ಹಿಡಿದು ಮೆಟ್ಟಿಲು ಹತ್ತಿದಳು.

ಮಡಿಕೆ ಬಿಚ್ಚದೆ ಶಾಲನ್ನು ಶೆನ್ ಅವರ ಕುತ್ತಿಗೆಗೆ ಇಳಿಬಿಟ್ಟಳು. ಶೆನ್ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು, ನೂಲು ಗೊತ್ತಿದ್ದವರು ನೋಡುವ ಹಾಗೆ. ಇಂಗ್ಲಿಷಿನಲ್ಲಿ ಏನೋ ಕೇಳಿದರು. ಆಕೆ ನಕ್ಕು ತಲೆಯಾಡಿಸಿದಳು. ಫೋಟೊ ಆಯಿತು. ಶೆನ್ ಶಾಲು ತೆಗೆದು ಕುರ್ಚಿಯ ಮೇಲಿಟ್ಟು, ಬೆನ್ನು ತಿರುಗಿಸಿ ವಾದ್ಯದವರಿಗೆ ಕೈ ಮುಗಿದರು. ಅದೇ ಗಳಿಗೆಗಾಗಿ ನಾನು ಹಂಸ ನೇಯ್ದಿದ್ದೆ. ಕರಿ ಕೋಟಿನ ಬೆನ್ನು ಬರಿದಾಗಿತ್ತು.

ಸುಧಾ ಮೊದಲ ಸಾಲಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ವಾಪಸಿನ ಬಸ್ಸಿನಲ್ಲಿ, "ನೀವೇ ನೇಯ್ದಿದ್ದಾ ಅಂತ ಶೆನ್ ಕೇಳಿದ್ರು ಕಣಮ್ಮ. ಅವ್ಳು ಹೂಂ ಅಂದ್ಬಿಟ್ಳು" ಎಂದಳು. ನನ್ನ ಮುಖ ನೋಡಿ, "ಯಾರ್ ಬೇಡ ಅಂದಿದ್ರು ನಿಂಗೆ?"

ಯಾರೂ ಅಂದಿರಲಿಲ್ಲ. ಉಳಿದ ಪುಟ ಓದು ಎಂದೆ. ಶೆನ್ ಅವರ ಗಂಡ ಅದೇ ಮೇಳದಲ್ಲಿ ಪಿಟೀಲು ನುಡಿಸುತ್ತಿದ್ದರಂತೆ. ಅವರು ತೀರಿಕೊಂಡ ಒಂಬತ್ತನೆಯ ದಿನ ಶೆನ್ ಮತ್ತೆ ಅದೇ ವೇದಿಕೆ ಹತ್ತಿದರಂತೆ, ಗಂಡನ ಖಾಲಿ ಕುರ್ಚಿಯ ಎದುರಿಗೇ. ಸುಧಾ ಪುಸ್ತಕ ಮುಚ್ಚಿದಳು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಮಾರನೆಯ ದಿನ ಪತ್ರಿಕೆಯಲ್ಲಿ ಫೋಟೊ ಬಂತು. ಶಾಲು ಇದೆ, ಹಂಸ ಇಲ್ಲ, ನಾನಿಲ್ಲ. ಅದನ್ನೂ ಆ ಪುಸ್ತಕವನ್ನೂ ಟ್ರಂಕಿನಲ್ಲಿ ಇಟ್ಟಿದ್ದೇನೆ. ಈ ಹಾಳೆಗಳನ್ನೂ ಅವುಗಳ ಜೊತೆಗೇ ಇಡಿ ಮಕ್ಕಳೇ, ಹುಳ ಹಿಡಿಯದ ಹಾಗೆ. ನೇಯ್ದವಳು ನಾನೆಂದು ಬೇರೆಲ್ಲೂ ಬರೆದಿಲ್ಲ.