ಪಟೇಲರು ಕುಳಿತ ಹಲಗೆ

ಕಾಲೇಜಿನಲ್ಲಿದ್ದಾಗ ಒಬ್ಬನೇ ಕೂರುವ ಪುಟ್ಟ ಹಾಯಿದೋಣಿಯನ್ನು ನಡೆಸಲು ಕಲಿತಿದ್ದೆ. ನೀರಾವರಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ ವರ್ಷ, ಹರವೆಯ ಆಚೆಯ ಕೆರೆಯೊಂದರ ಆಳ ಅಳೆಯಲು ಕಲ್ಲಿಕೋಟೆಯ ದೊಡ್ಡ ಹಾಯಿದೋಣಿಯೊಂದನ್ನು ಬಾಡಿಗೆಗೆ ಪಡೆದು, ಗುಂಡ್ಲುಪೇಟೆಯ ದಾರಿಯಾಗಿ ಲಾರಿಯಲ್ಲಿ ತರಿಸಿದರು. ಈಜು ಬಾರದ ಆರು ಕೂಲಿಗಳ ಪ್ರಾಣಕ್ಕೆ ನಾನೇ ಹೊಣೆಯೆಂದು ಸಹಿ ಹಾಕಿಸಿಕೊಂಡು ಅದನ್ನು ನನಗೆ ವಹಿಸಿದರು.

ಹೊರಡುವ ಹೊತ್ತಿಗೆ ಊರ ಪಟೇಲರು ಹತ್ತಿ, ಹಿಂಬದಿಯ ಹಲಗೆಯ ಮೇಲೆ ಕುಳಿತರು. ದೋಣಿಯಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಅದು; ಚುಕ್ಕಾಣಿ ಇರುವುದೂ ಅಲ್ಲಿಯೇ. ಅದರ ಹಿಡಿಯನ್ನು ಅವರು ಒರಗುದಿಂಬಿನಂತೆ ಕಂಕುಳಿಗೆ ಸೇರಿಸಿಕೊಂಡರು.

"ಪಟೇಲರೇ, ಅದು ದೋಣಿ ನಡೆಸುವವನ ಜಾಗ. ದಯವಿಟ್ಟು ಮುಂದೆ ಬನ್ನಿ."

"ನೀನ್ ಮೇಲ್ ಕೂತ್ಕಂಡು, ನಾನು ಕೂಲಿಯೋರ್ ಜೊತೆ ಕೆಳಗ್ ಕೂರನಾ? ಬಿ.ಎಸ್ಸಿ. ಓದಿದ್ದೀಯಲ್ಲ, ಕೆಳಗಿಂದ್ಲೇ ತಿರುಗ್ಸು ಕಣಪ್ಪ."

ದಡದಲ್ಲಿದ್ದ ಮೇಲಧಿಕಾರಿಗಳು ಹೊರಡುವಂತೆ ಕೈಬೀಸಿದರು. ಹೊರಟೆವು; ಅದು ನನ್ನ ತಪ್ಪು.

ಕೆರೆಯ ನಡುವೆ ಗಾಳಿ ಬಿರುಸಾಯಿತು. ಕೂಲಿ ಮಾದಯ್ಯ ಪಟೇಲರಿಗೆ ಕೈಮುಗಿದ: "ಬುದ್ದಿ, ಗಾಳಿ ಎದ್ಬುಡ್ತು. ಅಯ್ಯನೋರಿಗೆ ಜಾಗ ಬುಟ್ಕೊಡಿ."

"ಗಾಳಿ ಎದ್ರೆ ನಾನ್ಯಾಕ್ಲಾ ಏಳ್ಬೇಕು?"

ದೋಣಿ ಗಾಳಿ ತಳ್ಳಿದತ್ತ ಏರಿಯ ಬಳಿಗೆ ಸಾಗಿ, ತೂಬಿನ ಕಲ್ಲಿಗೆ ಬಡಿದು ಸೀಳಿತು. ಅಲ್ಲಿ ನೀರು ಎದೆಮಟ್ಟಕ್ಕಿದ್ದುದರಿಂದ ಕೂಲಿಗಳು ಬದುಕಿದರು. ಪಂಚೆ ನೆನೆಯದಂತೆ ಪಟೇಲರನ್ನು ಅವರೇ ಹೆಗಲ ಮೇಲೆ ಹೊತ್ತು ದಡ ಸೇರಿಸಿದರು.

ವಾರದ ಬಳಿಕ ಕಚೇರಿಯಿಂದ ಪತ್ರ ಬಂತು: ಪಟೇಲರ ಅಂತಸ್ತಿಗೆ ತಕ್ಕ ಆಸನವನ್ನು ನಾನೇಕೆ ಒದಗಿಸಲಿಲ್ಲ? ಆಸನ ಸಿಗದೆ ಹೋದದ್ದು ದೋಣಿ ನಡೆಸುವವನಿಗೆ ಎಂದು ಒಂದೇ ಸಾಲಿನ ಉತ್ತರ ಬರೆದೆ. ಅದನ್ನು ಉದ್ಧಟತನವೆಂಬ ಎರಡನೆಯ ಆರೋಪವಾಗಿ ಕಡತಕ್ಕೆ ಸೇರಿಸಿಕೊಂಡರು.